ಕರೆಂಟ್ ಹೋದಾಗ ಸಿಗುತ್ತಿದ್ದವರು

ಹೊಸ ಊರಿನಲ್ಲಿ ನಾಲ್ಕು ಜನರ ಪರಿಚಯ ಮಾಡಿಕೊಳ್ಳಲು ನಾನು ಹೊರಟದ್ದು ಪ್ರೀತಿಯಿಂದಲ್ಲ, ಭಯದಿಂದ. ಅರಿಶಿನಕುಂಟೆಯಲ್ಲಿದ್ದಾಗ ನನ್ನ ಗಂಡನಿಗೆ ಒಮ್ಮೆ ಎದೆನೋವು ಬಂದಿತ್ತು. ನಾನು ಬಾಗಿಲಲ್ಲಿ ನಿಂತು ಕೂಗಿಕೊಂಡಿದ್ದಕ್ಕೆ ಪಕ್ಕದ ಮನೆಯವರು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಬಂದು, ಅವರನ್ನು ಎತ್ತಿ ಕಾರಿಗೆ ಹಾಕಿಕೊಂಡು ನೆಲಮಂಗಲದ ಆಸ್ಪತ್ರೆಗೆ ಮುಟ್ಟಿಸಿದ್ದರು. "ಇನ್ನೊಂದ್ಸಲ ಬಂದ್ರೆ ಒಂಚೂರೂ ತಡ ಮಾಡ್ಬೇಡಿ" ಎಂದು ಡಾಕ್ಟರು ಹೇಳಿದ್ದು ನನ್ನ ಗಂಡನಿಗಾದರೂ ನೋಡಿದ್ದು ನನ್ನ ಮುಖವನ್ನು. ಹಾಗಾಗಿ, ಹೆದ್ದಾರಿಯ ಗೋದಾಮಿನ ಕೆಲಸ ಹೋಗಿ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಒಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ಸಿಕ್ಕಿದೆ ಎಂದು ಅವರು ಸಂಭ್ರಮದಿಂದ ಬಂದು ಹೇಳಿದಾಗ ನನಗೆ ಸಂತೋಷವಾಗಲಿಲ್ಲ. ಅಲ್ಲಿ ನಮಗೆ ಯಾರಿದ್ದಾರೆ ಎಂದು ಕೇಳಿದೆ. "ಯಾರೂ ಇಲ್ದಿದ್ರೆ ಮಾಡ್ಕೋ. ನಿನ್ ಬಾಯಿಗೇನು ಬರವೇ?" ಎಂದರು.

ಮನೆ ಸಿಕ್ಕಿದ್ದು ನೇಕಾರರ ಬೀದಿಯಲ್ಲಿ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಅಡುಗೆಮನೆ, ಮಧ್ಯೆ ಎಲ್ಲೋ ಸಂಸಾರ, ಹಾಗೆ ಕಟ್ಟಿದ ಮನೆಗಳು. ಬೆಳಗಾದರೆ ಅಷ್ಟೂ ಮನೆಗಳ ಕರೆಂಟ್ ಮಗ್ಗಗಳು ಒಟ್ಟಿಗೆ ಶುರುವಾಗುತ್ತಿದ್ದವು. ಅದು ಬರೀ ಸದ್ದಲ್ಲ, ಲೋಟದಲ್ಲಿದ್ದ ನೀರೂ ನಡುಗುತ್ತಿತ್ತು. ಮೊದಲ ವಾರ ನನಗೆ ತಲೆ ಕೆಟ್ಟೇ ಹೋಯಿತು. "ನೀನು ಬೈದದ್ದು ಇನ್ಮೇಲೆ ನಂಗೆ ಕೇಳ್ಸಲ್ಲ, ಪುಣ್ಯ ಮಾಡಿದ್ದೆ" ಎಂದು ನನ್ನ ಗಂಡ ಕಿವಿಗೆ ಹತ್ತಿ ಇಟ್ಟುಕೊಂಡು ನಕ್ಕರು.

ನಾನು ಕಣ್ಣಿಟ್ಟದ್ದು ಎದುರು ಮನೆಯ ಮೇಲೆ. ಗಂಡ, ಹೆಂಡತಿ, ಗಂಡನ ತಮ್ಮ ಮೂವರೂ ನೇಯುವವರು. ನನಗೆ ಅವರ ನೇಯ್ಗೆ ಮುಖ್ಯವಾಗಿರಲಿಲ್ಲ. ಸೀರೆ ಸಾಗಿಸಲು ಅವರು ಇಟ್ಟುಕೊಂಡಿದ್ದ ವ್ಯಾನು ಸದಾ ನಮ್ಮ ಬಾಗಿಲಿಗೆ ಎದುರಾಗಿ ನಿಂತಿರುತ್ತಿತ್ತು, ಅದೇ ಮುಖ್ಯವಾಗಿತ್ತು. ಒಬ್ಬಟ್ಟು ಮಾಡಿ, ತಟ್ಟೆಗೆ ಬಾಳೆಲೆ ಮುಚ್ಚಿಕೊಂಡು ಹೋದೆ. ಬಾಗಿಲು ಬಡಿದೆ, ಚಿಲಕ ಆಡಿಸಿದೆ, "ಅಮ್ಮಾ" ಎಂದು ಕರೆದೆ. ಒಳಗೆ ಜನ ಓಡಾಡುವುದು ಕಿಟಕಿಯಲ್ಲಿ ಕಾಣುತ್ತಿತ್ತು, ಯಾರೂ ತಿರುಗಿ ನೋಡಲಿಲ್ಲ. ಏನು ಧಿಮಾಕು ಇವರಿಗೆ ಎಂದು ಉರಿದುಕೊಂಡು ವಾಪಸು ಬಂದೆ. ಅಷ್ಟೂ ಒಬ್ಬಟ್ಟನ್ನು ನನ್ನ ಗಂಡ ತಿಂದರು, ತಿನ್ನಬಾರದಾಗಿತ್ತು.

ಅದಾದ ಎರಡು ದಿನಕ್ಕೆ ಮಧ್ಯಾಹ್ನ ಕರೆಂಟ್ ಹೋಯಿತು. ಯಾರೋ ಬೀದಿಯ ಬಾಯಿಗೆ ಕೈ ಇಟ್ಟಂತೆ ಸದ್ದು ನಿಂತಿತು. ಒಂದೊಂದೇ ಬಾಗಿಲು ತೆರೆದು ಹೆಂಗಸರು ಜಗಲಿಗೆ ಬಂದು ಕೂತರು. ತಲೆಗೂದಲಿಗೆ ನೂಲಿನ ಧೂಳು ಹತ್ತಿದ್ದ ಎದುರು ಮನೆಯಾಕೆ ತಾನಾಗಿಯೇ ನನ್ನನ್ನು ಕರೆದಳು. ಒಬ್ಬಟ್ಟಿನ ಕಥೆ ಹೇಳಿದೆ, ಕೊಂಕು ಸೇರಿಸಿಯೇ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಕ್ಕ, ಮಗ್ಗ ಓಡ್ತಿದ್ರೆ ಆ ದೇವ್ರೇ ಬಂದು ಕೂಗಿದ್ರೂ ಕೇಳ್ಸಲ್ಲ. ಕರೆಂಟ್ ಹೋದಾಗ ಬನ್ನಿ, ಆರಾಮಾಗಿ ಮಾತಾಡಾಣ" ಎಂದಳು.

ಅಲ್ಲಿಂದ ನನ್ನ ಸ್ನೇಹವೆಲ್ಲ ಕರೆಂಟಿನವರ ಕೈಯಲ್ಲಿತ್ತು. ಎಲ್ಲರೂ ಕರೆಂಟ್ ಹೋಗದಿರಲಪ್ಪ ಎನ್ನುವ ಬೀದಿಯಲ್ಲಿ, ಹೋಗಲಿ ಎಂದು ಕಾಯುತ್ತಿದ್ದವಳು ನಾನೊಬ್ಬಳೇ. ಹೋಯಿತೆಂದರೆ ಒಲೆ ಆರಿಸಿ ಹೊರಗೆ. ಮಕ್ಕಳೆಷ್ಟು ಎಂದರು, ಇಲ್ಲ ಎಂದೆ. ತೋರಿಸಲಿಲ್ಲವೇ ಎಂದರು, ತೋರಿಸಿದ್ದಾಯಿತು ಎಂದೆ. ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ, ಅದಕ್ಕೇ ನನಗೆ ಅವರು ಹಿಡಿಸಿದ್ದು. ಎದುರು ಮನೆಯಾಕೆ ನನಗೆ ಎಲ್ಲವನ್ನೂ ಹೇಳಿಕೊಟ್ಟಳು. ಯಾವ ಅಂಗಡಿಯವನದು ತೂಕದಲ್ಲಿ ಮೋಸ, ಯಾರ ಮನೆ ಅತ್ತೆಯ ಮುಂದೆ ಬಾಯಿ ಬಿಡಬಾರದು, ನಲ್ಲಿಯ ನೀರು ಯಾವಾಗ, ಸೀರೆಯ ಅಂಚು ತಿರುವಿ ನೋಡಿ ಕೊಳ್ಳುವುದು ಹೇಗೆ. ಲೆಕ್ಕಾಚಾರದಿಂದ ಶುರುವಾದದ್ದು ಯಾವಾಗ ನಿಜವಾದ ಅಕ್ಕರೆಯಾಯಿತೋ ನನಗೇ ಗೊತ್ತಾಗಲಿಲ್ಲ. ಕೊನೆಗೊಂದು ದಿನ ನಾಚಿಕೆ ಬಿಟ್ಟು ಗಂಡನ ಎದೆಯ ವಿಷಯ ಹೇಳಿದೆ. ಏನಾದರೂ ಆದರೆ ನಿಮ್ಮ ವ್ಯಾನೇ ನಮಗೆ ಗತಿ ಎಂದೆ.

"ಇದೂ ಒಂದ್ ಕೇಳೋ ಮಾತಾ? ಯಾವೊತ್ತಾದ್ರೂ ಸರಿ, ಎಲ್ಲಾ ಬಿಟ್ಟು ಬಂದ್ಬಿಡ್ತೀವಿ" ಎಂದು ನನ್ನ ಕೈ ಹಿಡಿದುಕೊಂಡಳು. ಆ ಊರಿಗೆ ಬಂದ ಮೇಲೆ ಅಂದೇ ನಾನು ನೆಮ್ಮದಿಯಾಗಿ ಮಲಗಿದ್ದು.

ಅದು ಬಂದದ್ದು ಬೇಸಿಗೆಯ ಒಂದು ಬೆಳಿಗ್ಗೆ. ನನ್ನ ಗಂಡನಿಗೆ ರಜೆ ಇತ್ತು. ಕಾಫಿ ಕುಡಿದವರು ಲೋಟ ಕೆಳಗಿಟ್ಟು, ಎಡಗೈ ಹಿಡಿದುಕೊಂಡು, "ಬಂತು ಕಣೇ" ಎಂದರು. ಅಷ್ಟೇ ಅಂದದ್ದು. ಮುಖವೆಲ್ಲ ಬೆವರು.

ನಾನು ಎದುರು ಮನೆಗೆ ಓಡಿದೆ. ವ್ಯಾನು ಅಲ್ಲೇ ನಿಂತಿತ್ತು. ಬಾಗಿಲಿಗೆ ಒಳಗಿನಿಂದ ಅಗಳಿ. ಎರಡೂ ಕೈಯಿಂದ ಬಡಿದೆ. ಕಿರುಚಿದೆ. ಕಿಟಕಿಯಲ್ಲಿ ಅವಳ ಬೆನ್ನು ಕಾಣುತ್ತಿತ್ತು, ಕಡಿದ ನೂಲಿಗೆ ಗಂಟು ಹಾಕುತ್ತಾ ಬಗ್ಗಿದ್ದಳು. ಕಲ್ಲೆತ್ತಿ ಬಾಗಿಲಿಗೆ ಕುಟ್ಟಿದೆ. ಅವಳ ನಂಬರಿಗೆ ಫೋನ್ ಮಾಡಿದೆ. ಗೂಡಿನಲ್ಲಿಟ್ಟ ಫೋನಿನ ಬೆಳಕು ಹತ್ತಿದ್ದು ನನಗೆ ಕಂಡಿತು, ಅವಳಿಗೆ ಕಾಣಲಿಲ್ಲ. ಪಕ್ಕದ ಮನೆ, ಅದರಾಚೆಯ ಮನೆ, ಎಲ್ಲ ಕಡೆಯೂ ಅದೇ ಸದ್ದು, ಅದೇ ಮುಚ್ಚಿದ ಬಾಗಿಲು. ಆಂಬುಲೆನ್ಸಿಗೆ ಮಾಡಿದೆ, ಬರ್ತಾ ಇದೆ ಎಂದರು. ಕಾಯಲಾಗದೆ ದೊಡ್ಡ ರಸ್ತೆಯವರೆಗೆ ಬರಿಗಾಲಲ್ಲಿ ಓಡಿ ಆಟೋ ಹಿಡಿದು ತಂದೆ. ಆಟೋದವನೇ ಅವರನ್ನು ಹೊತ್ತು ಕೂರಿಸಿದ. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ದಾರಿಯಲ್ಲೇ ಜೀವ ಹೋಗಿದೆ, ಸ್ವಲ್ಪ ಮುಂಚೆ ತಂದಿದ್ದರೆ ಎಂದು ಅರ್ಧಕ್ಕೆ ನಿಲ್ಲಿಸಿದರು. ಪೂರ್ತಿ ಹೇಳಿದ್ದರೆ ಅವರ ಕೆನ್ನೆಗೆ ಹೊಡೆಯುತ್ತಿದ್ದೆನೇನೋ.

ಬೀದಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಮಗ್ಗ ಓಡಿಸುವಂತಿಲ್ಲ, ಅದು ಅಲ್ಲಿಯ ಪದ್ಧತಿ. ಕರೆಂಟ್ ಇದ್ದೂ ಅಷ್ಟೂ ಮಗ್ಗ ನಿಂತವು. ಎಲ್ಲರೂ ಬಂದರು. ಚಟ್ಟ ಕಟ್ಟಿದರು, ನೀರು ಕಾಯಿಸಿದರು, ನನ್ನನ್ನು ಹಿಡಿದು ಕೂರಿಸಿದರು. ಮೂಲೆಯಲ್ಲಿ ಯಾರೋ ಮೆಲ್ಲಗೆ ಮೂಗು ಒರೆಸಿಕೊಂಡದ್ದೂ ನನಗೆ ಕೇಳಿಸುತ್ತಿತ್ತು. ನನಗೆ ಬಂದದ್ದು ಅಳುವಲ್ಲ, ಕೋಪ. ಈಗ ನಿಲ್ಲಿಸಿ ಯಾರಿಗೆ ಏನಾಗಬೇಕಾಗಿದೆ?

ಮೂರನೆಯ ದಿನ ಎದುರು ಮನೆಯಾಕೆ ಅನ್ನ ಸಾರು ತಂದು ಮುಂದಿಟ್ಟು ಕೂತಳು. ಅತ್ತು ಅತ್ತು ಅವಳ ಮುಖ ಊದಿತ್ತು. "ನಾವು ಮನೇಲೇ ಇದ್ವಲ್ಲ ಅಕ್ಕ. ಯಾಕಕ್ಕ ಲೈಟ್ ಹಾಕ್ಲಿಲ್ಲ ನೀವು?" ಎಂದಳು.

"ಯಾವ ಲೈಟು?" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮಗ್ಗದ ಮನೆಗಳಲ್ಲಿ ಬೆಲ್ಲು ಇಟ್ಟು ಪ್ರಯೋಜನವಿಲ್ಲವಂತೆ. ಅದಕ್ಕೆ ಕಿಟಕಿಯ ಸರಳಿನ ಒಳಗೆ, ಕೈಗೆ ಎಟುಕುವಂತೆ ಒಂದು ಸ್ವಿಚ್ಚು. ಹೊರಗಿನಿಂದ ಕೈ ಹಾಕಿ ಒತ್ತಿದರೆ ಮಗ್ಗದ ಮೇಲಿನ ಕೆಂಪು ಬಲ್ಬು ಹತ್ತುತ್ತದೆ. ನೇಯುವವರು ಅದನ್ನು ನೋಡಿ ಮಗ್ಗ ನಿಲ್ಲಿಸಿ ಬರುತ್ತಾರೆ. ಬೀದಿಯ ಮನೆಮನೆಯಲ್ಲೂ ಹಾಗೇ. ಜನ ಕಿಟಕಿಗೆ ಕೈ ಹಾಕುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಒಳಗಿನ ಅಗಳಿ ತೆಗೆಯುತ್ತಿರಬೇಕು, ಅಷ್ಟು ಸಲುಗೆ ಅವರಿಗಿದೆ, ನನಗೆ ಇನ್ನೂ ಬಂದಿಲ್ಲ ಎಂದುಕೊಂಡಿದ್ದೆ. ಆ ಬೆಳಿಗ್ಗೆಯ ಗಾಬರಿಯಲ್ಲಿ ಅದೂ ನೆನಪಾಗಿರಲಿಲ್ಲ. ಹೇಳುವ ಸಂಗತಿ ಎಂದು ಅವರಿಗೆ ಅನಿಸಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದನ್ನು ಯಾರು ಯಾರಿಗೆ ಹೇಳುತ್ತಾರೆ? ಕೇಳುವ ಸಂಗತಿ ಎಂದು ನನಗೂ ಹೊಳೆದಿರಲಿಲ್ಲ.

ಅವಳು ನನ್ನ ಕಾಲು ಹಿಡಿದುಕೊಂಡಳು. ಏಳು ಎಂದೆ. ನಿನ್ನ ತಪ್ಪಲ್ಲ ಎಂದು ಹೇಳಬೇಕಾಗಿತ್ತು, ಹೇಳಲು ಮನಸ್ಸು ಬರಲಿಲ್ಲ. ಇವತ್ತಿಗೂ ಹೇಳಿಲ್ಲ.

ತಿಥಿ ಎಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಒಂದು ಮಧ್ಯಾಹ್ನ ಮನೆಯಲ್ಲಿ ಕೂರಲಾಗಲಿಲ್ಲ. ಬೀದಿಯಲ್ಲಿ ಮಗ್ಗಗಳು ಎಂದಿನಂತೆ ಬಡಿಯುತ್ತಿದ್ದವು. ದಾಟಿ ಹೋಗಿ ಅವರ ಕಿಟಕಿಗೆ ಕೈ ಹಾಕಿದೆ. ಸ್ವಿಚ್ಚು ಸುಲಭವಾಗಿ ಸಿಕ್ಕಿತು. ಒತ್ತಿದೆ. ಒಳಗೆ ಕೆಂಪು ಬೆಳಕು ಹತ್ತಿತು, ಮಗ್ಗಗಳು ಒಂದರ ಹಿಂದೊಂದು ನಿಂತವು. ನಾನು ಕೈ ಹೊರಗೆ ತೆಗೆಯುವಷ್ಟರಲ್ಲಿ ಬಾಗಿಲು ತೆರೆದುಕೊಂಡು ಮೂವರೂ ಓಡಿ ಬಂದಿದ್ದರು. "ಏನಕ್ಕ, ಏನಾಯ್ತು?" ಎಂದು ಅವಳು ನನ್ನ ಭುಜ ಹಿಡಿದುಕೊಂಡಳು. ಅವಳ ಗಂಡನ ಕೈಯಲ್ಲಿ ಆಗಲೇ ವ್ಯಾನಿನ ಕೀಲಿ ಇತ್ತು.