ಸಣ್ಣತಾಯಮ್ಮನಿಗೆ ಸೊಲ್ಲು ಕೊಟ್ಟವಳು

ಬೆಳಕವಾಡಿಯ ಸಣ್ಣತಾಯಮ್ಮನ ಸೋಬಾನೆ ಕೇಳಲು ಈಗ ಯಾರೂ ಬೆಳಕವಾಡಿಗೆ ಹೋಗಬೇಕಾಗಿಲ್ಲ. ಫೋನಿನಲ್ಲೇ ಇದೆ. ಮಂಡ್ಯದ ವೇದಿಕೆಯ ಮೇಲೆ ಹಸಿರು ಸೀರೆಯುಟ್ಟು ನಿಂತು ಒಬ್ಬಳೇ ಹಾಡಿದ ಐದು ನಿಮಿಷವನ್ನು ಲಕ್ಷ ಜನ ನೋಡಿದ್ದಾರೆ, ಎಂಥಾ ಕಂಠ ಎಂದು ಹೊಗಳಿದ್ದಾರೆ. ಸಣ್ಣತಾಯಮ್ಮ ಮಾತ್ರ ಅದನ್ನು ಒಂದೇ ಒಂದು ಸಲ ನೋಡಿ ಫೋನನ್ನು ಮೊಮ್ಮಗಳ ಕೈಗೆ ವಾಪಸು ಕೊಟ್ಟಳು. ಆಮೇಲೆ ಯಾರೇ ತೋರಿಸಲು ಬರಲಿ, ಎಮ್ಮೆಗೆ ಹುಲ್ಲು ಹಾಕುವ ನೆಪ ಮಾಡಿಕೊಂಡು ಎದ್ದು ಹೋಗುತ್ತಾಳೆ.

ಯಾಕೆಂದು ತಿಳಿಯಬೇಕಾದರೆ ಸೋಬಾನೆ ಹಾಡುವ ರೀತಿ ಗೊತ್ತಿರಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬಳು ಸಾಲು ಎತ್ತಬೇಕು, ಇನ್ನೊಬ್ಬಳು ಅದೇ ಸಾಲನ್ನು ಹಿಂದಿನಿಂದ ಹಿಡಿದು ತಿರುಗಿ ಹಾಡಬೇಕು. ಸೊಲ್ಲು ಕೊಡುವುದು ಅಂದರೆ ಇದು. ಆ ಹೊತ್ತಿನಲ್ಲಿ ಮೊದಲನೆಯವಳು ಉಸಿರು ತೆಗೆದುಕೊಳ್ಳುತ್ತಾಳೆ, ಮುಂದಿನ ಸಾಲು ನೆನಪು ಮಾಡಿಕೊಳ್ಳುತ್ತಾಳೆ. ನಲವತ್ತು ವರ್ಷ ಸಣ್ಣತಾಯಮ್ಮ ಎತ್ತಿದ ಸಾಲಿಗೆಲ್ಲ ಸೊಲ್ಲು ಕೊಟ್ಟವಳು ಎದುರು ಮನೆಯ ಮಲ್ಲಿಗಮ್ಮ. ಇಬ್ಬರೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು, ನಾಟಿ ಗದ್ದೆಯಲ್ಲಿ ಪಕ್ಕಪಕ್ಕ ಬಗ್ಗಿ ಪದ ಕಲಿತವರು. ಸಣ್ಣತಾಯಮ್ಮನದು ಊರಗಲ ಬಾಯಿ. ಮಲ್ಲಿಗಮ್ಮನಿಗೆ ಪದ ಬಿಟ್ಟರೆ ಬಾಯೇ ಇಲ್ಲ.

ಒಳ್ಳೆಯ ಹಾಡಿಕೆ ಅಂದರೆ ಏನೆಂದು ಕೇಳುವವರು ಕೆರಗೋಡಿನ ಬೋರಯ್ಯನ ಮಗಳ ಮದುವೆಗೆ ಹೋಗಿದ್ದವರನ್ನು ಕೇಳಬೇಕು. ಆವತ್ತು ಮಂಡ್ಯದಿಂದ ಆರ್ಕೆಸ್ಟ್ರಾ ಬಂದಿತ್ತು. ಆಳೆತ್ತರದ ಸ್ಪೀಕರು, ಬಣ್ಣಬಣ್ಣದ ಲೈಟು. ಎರಡನೇ ಹಾಡಿಗೇ ಕರೆಂಟು ಹೋಯಿತು. ಗಿಟಾರಿನವನು ಬೆಪ್ಪುತಕ್ಕಡಿಯ ಹಾಗೆ ನಿಂತ. ಚಪ್ಪರದ ಮೂಲೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಇವರಿಬ್ಬರನ್ನು ಯಾರೋ ಎಬ್ಬಿಸಿ ತಂದರು. ಹೆಣ್ಣನ್ನು ಒಪ್ಪಿಸಿ ಕಳಿಸುವ ಪದ. ನಡುವೆ ಸಣ್ಣತಾಯಮ್ಮನಿಗೆ ಮುಂದಿನ ಸಾಲು ಮರೆತೇಹೋಯಿತು. ಮಲ್ಲಿಗಮ್ಮ ಅವಳ ಮುಖ ನೋಡಿದಳು, ತಿಳಿದುಕೊಂಡಳು. ‘ತಿರುಗಿ ನೋಡು ಮಗಳೆ, ತಿರುಗಿ ನೋಡು’ ಎಂಬ ಅದೇ ಸೊಲ್ಲನ್ನು ಇನ್ನೊಂದು ಸಲ, ಮತ್ತೂ ಒಂದು ಸಲ, ದನಿ ತಗ್ಗಿಸುತ್ತಾ ತಗ್ಗಿಸುತ್ತಾ ಹಾಡಿದಳು. ಮೂರನೇ ಸಲಕ್ಕೆ, ಯಾರಿಗೂ ಜಗ್ಗದ ಬೋರಯ್ಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಚಪ್ಪರದ ಹಿಂದಕ್ಕೆ ಹೋದ. ಅಷ್ಟರಲ್ಲಿ ಸಾಲೂ ನೆನಪಾಯಿತು. ಕರೆಂಟು ಬಂದಾಗ ಆರ್ಕೆಸ್ಟ್ರಾದವರೇ ಸ್ವಿಚ್ಚು ಮುಟ್ಟದೆ ಕೈಕಟ್ಟಿ ಕೇಳುತ್ತಿದ್ದರು.

ಜನ ಅದನ್ನು ಇವತ್ತಿಗೂ ಸಣ್ಣತಾಯಮ್ಮನ ಪದ ಅನ್ನುತ್ತಾರೆ. ಆವತ್ತು ಮಾನ ಉಳಿಸಿದವಳು ಯಾರು ಎನ್ನುವುದು ಸಣ್ಣತಾಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಎರಡು ವರ್ಷದ ಹಿಂದೆ ಮಂಡ್ಯದಲ್ಲೊಂದು ಜಾನಪದ ಕಾರ್ಯಕ್ರಮ. ಇವರಿಬ್ಬರನ್ನು ಬಸ್ಸು ಹತ್ತಿಸಿ ಕರೆದುಕೊಂಡು ಹೋದವರು ಮಳವಳ್ಳಿಯ ಜಯಪ್ರಕಾಶ್ ಮೇಷ್ಟ್ರು. ಒಳ್ಳೆಯ ಮನುಷ್ಯ, ಕೈಯಲ್ಲಿ ಸದಾ ಒಂದು ಪಟ್ಟಿ. ಮಲ್ಲಿಗಮ್ಮ ನೀರು ಕುಡಿಯಲು ಹೋಗಿದ್ದಾಗ ಅವರು ಬಂದು, “ಅಮ್ಮಾ, ಐದೇ ನಿಮಿಷ ಕೊಟ್ಟವ್ರೆ. ಹೇಳಿದ್ದನ್ನೇ ಹೇಳ್ತಾ ಕೂತ್ರೆ ಪದ ಮುಗಿಯಲ್ಲ. ಸೊಲ್ಲು ಬಿಟ್ಬಿಡಿ, ನೀವೊಬ್ರೇ ಹೇಳ್ಕೊಂಡು ಹೋಗಿ” ಎಂದರು.

“ಆಯ್ತು ಬುಡಿ ಸಾ” ಎಂದಳು ಸಣ್ಣತಾಯಮ್ಮ.

ಮಲ್ಲಿಗಮ್ಮ ವಾಪಸು ಬಂದಳು. ಸಣ್ಣತಾಯಮ್ಮ ಹೇಳಬೇಕಿತ್ತು, ಹೇಳಲಿಲ್ಲ. ಮುಖ ನೋಡಿ ಹೇಳಲು ಕಷ್ಟವಾಯಿತು. ಮೆಟ್ಟಿಲು ಹತ್ತುವಾಗ ಹೇಳಿದರಾಯಿತು ಎಂದುಕೊಂಡಳು. ಮೆಟ್ಟಿಲು ಐದೇ ಇದ್ದವು.

“ಹೊಸಲಿಗೆ ನೀರಾಕಿ ಹಸೆಯ ಬರೆದೇವು” ಎಂದು ಸಣ್ಣತಾಯಮ್ಮ ಮೊದಲ ಸಾಲು ಎತ್ತಿದಳು. ಮಲ್ಲಿಗಮ್ಮ ಎಂದಿನಂತೆ “ಹೊಸ...” ಎಂದು ಹಿಡಿದುಕೊಂಡಳು. ಅಷ್ಟರಲ್ಲಿ ಸಣ್ಣತಾಯಮ್ಮ ಅವಳ ದನಿಯ ಮೇಲೆಯೇ ಹಾಯ್ದು ಎರಡನೇ ಸಾಲಿಗೆ ಹೋಗಿಬಿಟ್ಟಳು. ಮಲ್ಲಿಗಮ್ಮ ಬಾಯಿ ಮುಚ್ಚಿದಳು. ಉಳಿದಷ್ಟು ಹೊತ್ತೂ ಸೆರಗಿನ ಚುಂಗು ಹಿಡಿದುಕೊಂಡು, ಅಷ್ಟು ಜನರ ಮುಂದೆ ಸುಮ್ಮನೆ ನಿಂತಿದ್ದಳು. ಆ ಅರ್ಧ ಸೊಲ್ಲು ವಿಡಿಯೋದಲ್ಲೂ ಇದೆ. ಲಕ್ಷ ಜನರಲ್ಲಿ ಯಾರ ಕಿವಿಗೂ ಬಿದ್ದಿಲ್ಲ. ಸಣ್ಣತಾಯಮ್ಮನಿಗೆ ಕೇಳಿಸಿದ್ದು ಅದೊಂದೇ.

ಶಾಲು ಒಂದೇ ಹೊದಿಸಿದರು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಮದ್ದೂರು ದಾಟಿದ ಮೇಲೆ ಸಣ್ಣತಾಯಮ್ಮ ಶಾಲು ತೆಗೆದು ಅವಳ ತೊಡೆಯ ಮೇಲಿಟ್ಟು, “ನೀನೇ ಮಡಗ್ಕೊ ಮಲ್ಲಿ” ಎಂದಳು.

“ನಂಗ್ಯಾಕಕ್ಕ? ನಾನೇನ್ ಪದ ಏಳಿದ್ನಾ?” ಎಂದು ಮಲ್ಲಿಗಮ್ಮ ಅದನ್ನು ಮಡಿಸಿ, ನೀಟಾಗಿ ಅವಳ ಚೀಲದೊಳಕ್ಕೇ ಇಟ್ಟಳು.

ಅಲ್ಲಿಂದಾಚೆ ಮದುವೆ ಮನೆಯವರು ಕರೆಯಲು ಬಂದಾಗಲೆಲ್ಲ ಮಲ್ಲಿಗಮ್ಮನಿಗೆ ಕೆಮ್ಮು. ಕೆಮ್ಮು ಹೋದರೆ ಮಂಡಿ ನೋವು. ಮಾತು ಬಿಡಲಿಲ್ಲ. ಬಸ್ಸಾರು ಮಾಡಿದ ದಿನ ಒಂದು ಬಟ್ಟಲು ಈ ಮನೆಗೆ ಬರುವುದೂ ತಪ್ಪಲಿಲ್ಲ. ಜಗಳವೇ ಆಗಿದ್ದರೆ ಚೆನ್ನಾಗಿತ್ತು, ಜಗಳಕ್ಕೆ ರಾಜಿ ಇದೆ. ಸಣ್ಣತಾಯಮ್ಮ ಬೇರೆ ಹೆಂಗಸರನ್ನು ಕಟ್ಟಿಕೊಂಡು ನೋಡಿದಳು. ಒಬ್ಬಳು ಅವಸರ ಮಾಡುತ್ತಿದ್ದಳು, ಇನ್ನೊಬ್ಬಳು ಸಾಲಿನ ಕೊನೆ ನುಂಗುತ್ತಿದ್ದಳು. ಕಡೆಗೆ ಅವಳೂ ಹೋಗುವುದು ಬಿಟ್ಟಳು. ಮಲ್ಲಿ ಒಂದು ದಿನ ಬಂದೇ ಬರುತ್ತಾಳೆ ಎಂಬ ಆಸೆ ಮಾತ್ರ ಬಿಡಲಿಲ್ಲ.

ಈ ವೈಶಾಖದಲ್ಲಿ ಮಲ್ಲಿಗಮ್ಮನ ಮೊಮ್ಮಗಳು ರಂಜಿತಳ ಮದುವೆ ಗೊತ್ತಾಯಿತು. ಪದ ಹೇಳುವವರನ್ನು ಎಲೆ ಅಡಿಕೆ ಕೊಟ್ಟು ಕರೆಯುವುದು ಪದ್ಧತಿ. ಸಣ್ಣತಾಯಮ್ಮ ಎಂಟು ದಿನ ಬಾಗಿಲು ನೋಡಿದಳು. ಒಂಬತ್ತನೇ ದಿನ ರಂಜಿತಳೇ ಬಂದು ನಗುನಗುತ್ತಾ ಕಾರ್ಡು ಕೊಟ್ಟುಹೋದಳು. ಬರಿಯ ಕಾರ್ಡು. ಊಟಕ್ಕೆ ಬಾ, ಪದಕ್ಕಲ್ಲ ಎಂದು ಅದರ ಅರ್ಥ. ಸಣ್ಣತಾಯಮ್ಮ ಕಾರ್ಡು ಹಿಡಿದುಕೊಂಡು ಜಗಲಿಯ ಮೇಲೆ ಕೂತು ಅತ್ತಳು.

ಆದರೂ ಅರಿಶಿನದ ಬೆಳಿಗ್ಗೆ ಹೋದಳು. ಮಲ್ಲಿಗಮ್ಮ ಬಟ್ಟಲಲ್ಲಿ ಅರಿಶಿನ ಕಲಸುತ್ತಿದ್ದಳು. ಮೈಕ್ ಸೆಟ್ಟಿನ ಪುಟ್ಟರಾಜು ಸಣ್ಣತಾಯಮ್ಮನನ್ನು ಕಂಡು, “ಓ ಅಜ್ಜಿ ಬಂತು! ತಡಿ, ನಿನ್ ಪದಾನೇ ಆಕ್ತೀನಿ” ಎಂದವನೇ ಮಂಡ್ಯದ ಆ ಐದು ನಿಮಿಷವನ್ನು ಸ್ಪೀಕರಿಗೆ ಕೊಟ್ಟ. ಮೊದಲ ಸಾಲು ಮುಗಿಯಿತು. ಅದರ ಬೆನ್ನಿಗೆ ಆ ಅರ್ಧ ಸೊಲ್ಲು ಬೀದಿಗೆಲ್ಲ ಕೇಳುವಷ್ಟು ದೊಡ್ಡದಾಗಿ ಬಂತು. ಮಲ್ಲಿಗಮ್ಮನ ಕೈ ಬಟ್ಟಲಲ್ಲೇ ನಿಂತಿತು.

“ನಿಲ್ಸ್ಲಾ ಅದ!” ಎಂದು ಸಣ್ಣತಾಯಮ್ಮ ಕಿರುಚಿದಳು. ಪುಟ್ಟರಾಜು ಗಾಬರಿಯಾಗಿ ನಿಲ್ಲಿಸಿದ. ಎಲ್ಲರೂ ಇವಳನ್ನೇ ನೋಡುತ್ತಿದ್ದರು. ಎಲೆ ಅಡಿಕೆ ಇಲ್ಲದೆ ಪದ ಎತ್ತಬಾರದು. ಅವಳು ಎತ್ತಿದಳು. ಹೊಸಲಿಗೆ ನೀರು ಹಾಕಿದ ಸಾಲನ್ನು ಪೂರ್ತಿ ಹಾಡಿ, ಮಲ್ಲಿಗಮ್ಮನ ಮುಖ ನೋಡುತ್ತಾ ನಿಂತಳು.

ಮಲ್ಲಿಗಮ್ಮ ತಲೆಯೆತ್ತಿದಳು. ಬಾಯಿ ತೆರೆಯಿತು. “ಹೊಸ...” ಎಂದಿತು, ನಿಂತಿತು. ಇನ್ನೊಂದು ಸಲ ತೆರೆಯಿತು, ಅಲ್ಲಿಗೇ ನಿಂತಿತು. ಅವಳು ತಲೆ ತಗ್ಗಿಸಿ ಮೊಮ್ಮಗಳ ಕೆನ್ನೆಗೆ ಅರಿಶಿನ ಹಚ್ಚತೊಡಗಿದಳು.

ಹಸೆಯ ಪದವನ್ನು ಅರ್ಧಕ್ಕೆ ಬಿಟ್ಟರೆ ಹೆಣ್ಣಿಗೆ ಒಳ್ಳೆಯದಲ್ಲ. ಸಣ್ಣತಾಯಮ್ಮ ಕೊನೆಯವರೆಗೂ ಹಾಡಿದಳು. ಪ್ರತಿ ಸಾಲು ಮುಗಿದಾಗಲೂ ಒಂದು ಸೊಲ್ಲಿಗೆ ಹಿಡಿಯುವಷ್ಟು ಹೊತ್ತು ಸುಮ್ಮನಿರುತ್ತಿದ್ದಳು. ಹುಡುಗಿಯರು ಅದನ್ನು ಹೊಸ ಶೈಲಿ ಎಂದುಕೊಂಡು ಫೋನಿನಲ್ಲಿ ಹಿಡಿದರು, ಮುಗಿದಾಗ ಚಪ್ಪಾಳೆ ತಟ್ಟಿದರು.

ಹಿತ್ತಿಲಲ್ಲಿ ಮಲ್ಲಿಗಮ್ಮ ಕೈ ತೊಳೆಯಲು ಬಂದಾಗ ಸಣ್ಣತಾಯಮ್ಮ ಚೊಂಬು ಎತ್ತಿ ನೀರು ಹುಯ್ದಳು. “ಆವತ್ತು ನಿಂಗೆ ಏಳ್ಬೇಕಾಗಿತ್ತು ಕಣೆ ಮಲ್ಲಿ. ಏಳ್ನಿಲ್ಲ. ತಪ್ಪಾಯ್ತು. ಕ್ವಾಪ ಇದ್ರೆ ಎರಡೇಟು ಒಡ್ದುಬುಡು.”

“ಕ್ವಾಪ ಯಾಕಕ್ಕ? ಕ್ವಾಪ ಇದ್ದಿದ್ರೆ ಬಸ್ಸಲ್ಲೇ ಬಯ್ದು ಮುಗಿಸ್ತಿದ್ದೆ.”

“ಮತ್ತೆ?”

ಮಲ್ಲಿಗಮ್ಮ ಉಗುರಿನ ಸಂದಿಯ ಅರಿಶಿನ ಉಜ್ಜುತ್ತಾ ಹೇಳಿದಳು: “ಬರಾಕಿಲ್ಲ ಕಣಕ್ಕ. ಗದ್ದೇಲಿ ಯಾರೂ ಇಲ್ದಾಗ್ಲೂ ನೋಡ್ದೆ. ಬಾಯಿ ತಗೀತೀನಿ, ಇನ್ನೇನ್ ನೀನು ಮ್ಯಾಲ್ ಬಿದ್ದು ಮುಂದಕ್ಕೋಯ್ತೀಯ ಅಂತ ಎದ್ರಿಕೆ ಆಯ್ತದೆ. ಅಲ್ಲಿಗೇ ನಿಂತೋಯ್ತದೆ.”

ಬಯ್ದಿದ್ದರೆ ಸಣ್ಣತಾಯಮ್ಮ ತಡೆದುಕೊಳ್ಳುತ್ತಿದ್ದಳು, ಬಯ್ಯಿಸಿಕೊಳ್ಳಲೆಂದೇ ಬಂದಿದ್ದಳು. ನಲವತ್ತು ವರ್ಷ ತಾನು ತಪ್ಪಿದಲ್ಲೆಲ್ಲ ಹಿಡಿದುಕೊಂಡ ಮಲ್ಲಿಗೆ ಈಗ ತನ್ನ ದನಿಯೆಂದರೆ ಹೆದರಿಕೆ.