ದಾನೇಶ್ವರಿಯ ಟಂಟಂಗೆ ಭಾವನ ಪಾನಾ

ಶಹಾಪುರದ ದಾನೇಶ್ವರಿ ರೊಟ್ಟಿ ಬಡಿಯುವುದನ್ನು ಕಲಿತದ್ದು ತವರಿನಲ್ಲಿ, ಮಾರುವುದನ್ನು ಕಲಿತದ್ದು ಗಂಡನ ಮನೆಯಲ್ಲಿ, ಗಾಡಿ ಓಡಿಸುವುದನ್ನು ಕಲಿತದ್ದು ಸಿಟ್ಟಿನಲ್ಲಿ.

ಆ ಸಿಟ್ಟಿಗೆ ಕಾರಣ ಒಂದು ಹಳೆಯ ಸ್ಕೂಟರ್. ಗಂಡ ಅಂಬ್ರಪ್ಪ ರೊಟ್ಟಿಯ ಬುಟ್ಟಿಯನ್ನು ಅದರ ಹಿಂದೆ ಕಟ್ಟಿಕೊಂಡು ಯಾದಗಿರಿಯ ಖಾನಾವಳಿಗಳಿಗೆ ಹೋಗಿಬರುತ್ತಿದ್ದ. ಕೆಟ್ಟಾಗಲೆಲ್ಲ ಸರಿ ಮಾಡಿಕೊಡುತ್ತಿದ್ದವನು ಅವನ ಅಣ್ಣ ಮರಿಲಿಂಗಪ್ಪ. ಬಸ್ ಸ್ಟ್ಯಾಂಡಿನ ಹಿಂದೆ ಅವನ ಗ್ಯಾರೇಜು. ಕೈಚಳಕದವನು, ತಮ್ಮನಿಂದ ಒಂದು ಪೈಸೆ ಮುಟ್ಟಿದವನಲ್ಲ. ಮುಟ್ಟುತ್ತಿದ್ದುದು ಸ್ಕೂಟರನ್ನು. ಬೋನಾಳದಲ್ಲಿ ಮದುವೆ ಎಂದರೆ ಸ್ಕೂಟರ್, ತಿಂಥಣಿಗೆ ಹರಕೆ ಎಂದರೆ ಸ್ಕೂಟರ್. ಕೀಲಿ ಕೇಳುತ್ತಿರಲಿಲ್ಲ, ಬಾಗಿಲ ಪಕ್ಕದ ಗೂಟದಿಂದ ತೆಗೆದುಕೊಳ್ಳುತ್ತಿದ್ದ.

"ನಾ ಮಾಡಿದ್ದಕ್ಕ ಅದು ಓಡಾಕತ್ತದ" ಎನ್ನುತ್ತಿದ್ದ. ಆ ಮಾತು ಸುಳ್ಳೂ ಆಗಿರಲಿಲ್ಲ.

ಒಮ್ಮೆ ಸ್ಕೂಟರ್ ತೆಗೆದುಕೊಂಡು ಸುರಪುರಕ್ಕೆ ಹೋದವನು ಸಂಜೆಯಾದರೂ ಬರಲಿಲ್ಲ. ಬಡಿದಿಟ್ಟ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು. ಕಾದು ಸಾಕಾದ ದೊಡ್ಡ ಖಾನಾವಳಿಯವರು ಬೇರೆಯವರನ್ನು ಹಿಡಿದರು.

"ಅಣ್ಣಗ ಹ್ಯಾಂಗ ಬ್ಯಾಡ ಅನ್ನೂದು?" ಎಂದ ಅಂಬ್ರಪ್ಪ. ದಾನೇಶ್ವರಿಯೂ ಅನ್ನುವ ಹಾಗಿರಲಿಲ್ಲ. ಆ ಮನೆಯಲ್ಲಿ ಸೊಸೆಯಂದಿರು ಗಂಡನ ಅಣ್ಣನ ಎದುರು ತಲೆಯ ಮೇಲೆ ಸೆರಗು ಎಳೆದುಕೊಂಡು ನಿಲ್ಲುತ್ತಾರೆ. ಕೇಳಿದರೆ ಉತ್ತರ ಕೊಡುತ್ತಾರೆ, ಎದುರುತ್ತರ ಕೊಡುವುದಿಲ್ಲ. ಅವಳು ಮಾತಾಡದೆ ಡ್ರೈವಿಂಗ್ ಕಲಿತಳು, ಲೈಸೆನ್ಸ್ ಮಾಡಿಸಿದಳು. ಮಾರನೆಯ ವರ್ಷ ತನ್ನ ಹೆಸರಿನಲ್ಲೇ ಸಾಮಾನು ಸಾಗಿಸುವ ಮೂರು ಗಾಲಿಯ ಹೊಸ ಟಂಟಂ ಕೊಳ್ಳಲು ಯಾದಗಿರಿಯ ಶೋರೂಮಿಗೆ ಹೊರಟಳು. ಜೊತೆಗೆ ಗಂಡ. ಗಾಡಿ ಬಲ್ಲವನೆಂದು ಭಾವನೂ ಬಂದ.

ಶೋರೂಮಿನ ತೌಫೀಕ್ ಗಾಡಿ ಕೊಳ್ಳುವವಳನ್ನು ಬಿಟ್ಟು ಮರಿಲಿಂಗಪ್ಪನ ಮುಖ ನೋಡಿ ಮಾತಾಡಿದ. "ಕಂಪನಿ ವಾರಂಟಿ ಮುಗಿದ ಮ್ಯಾಲೂ ಮತ್ತ ಎರಡು ವರ್ಷ ಬರೂವಂಥಾದ್ದು ಅದರಿ ಅಣ್ಣಾರ. ಎಕ್ಸ್‌ಟೆಂಡೆಡ್ ವಾರಂಟಿ. ಅದರ ರೊಕ್ಕ ಬ್ಯಾರೆ."

ಮರಿಲಿಂಗಪ್ಪ ನಕ್ಕ. "ಮನ್ಯಾಗ ಗ್ಯಾರೇಜ್ ಇಟ್ಟವರಿಗೆ ವಾರಂಟಿ ಮಾರ್ತೀ ಏನೋ ತಮ್ಮಾ? ಮೀನಕ್ಕ ಈಜು ಕಲಿಸ್ದಂಗ ಆತು. ಕಂಪನಿದು ಮುಗೀಲಿ, ಆಮ್ಯಾಲ ನಾ ಅದೀನಲ್ಲ!"

ಆಮ್ಯಾಲ ನಾ ಅದೀನಲ್ಲ. ದಾನೇಶ್ವರಿಗೆ ಬಾಗಿಲ ಪಕ್ಕದ ಗೂಟ ಕಣ್ಣಿಗೆ ಕಟ್ಟಿತು.

ತೌಫೀಕ್ ಸಾಚಾ ಮನುಷ್ಯ. "ಒಂದು ಮಾತು ಮೊದಲ ಹೇಳಿಬಿಡ್ತೀನ್ರಿ, ನಾಳೆ ಜಗಳ ಬ್ಯಾಡ" ಎಂದ. "ಇದು ತಗೊಂಡ್ರ ಎಲ್ಲಾ ಕೆಲಸ ನಮ್ಮ ವರ್ಕ್‌ಶಾಪಿನಾಗ ಮಾಡಿಸಬೇಕು. ಹೊರಗಿನವರು ಬಿಚ್ಚಿದ್ರ ವಾರಂಟಿ ಹೋಗ್ತದ."

"ಕೇಳಿದೇನೋ?" ಮರಿಲಿಂಗಪ್ಪ ತಮ್ಮನ ಕಡೆ ತಿರುಗಿದ. "ನಮ್ಮ ಗಾಡಿ ನಾವ ಮುಟ್ಟಬಾರದಂತ. ರೊಕ್ಕಾನೂ ಕೊಡು, ಕೈನೂ ಕಟ್ಟಿಸ್ಕೋ!"

ಅಲ್ಲಿಯವರೆಗೆ ಕುರ್ಚಿಯ ತುದಿಯಲ್ಲಿ ಸುಮ್ಮನೆ ಕುಳಿತಿದ್ದ ದಾನೇಶ್ವರಿ ತೌಫೀಕನನ್ನು ಕೇಳಿದಳು: "ಹೊರಗಿನವರು ಅಂದ್ರ ಯಾರ್ರಿ?"

"ವರ್ಕ್‌ಶಾಪ್ ಬಿಟ್ಟು ಯಾರಾದ್ರೂ ಸೈ ರಿ, ಅಕ್ಕಾರ."

"ಮನಿಯವರು?"

ತೌಫೀಕ್ ಮರಿಲಿಂಗಪ್ಪನನ್ನೊಮ್ಮೆ ನೋಡಿದ, ಗಂಟಲು ಸರಿ ಮಾಡಿಕೊಂಡ. "ಮನಿಯವರೂ ಹೊರಗಿನವರ ರಿ."

"ಹಂಗಾದ್ರ ಅದನ್ನೂ ಹಾಕ್ರಿ."

"ಏ ದಾನಮ್ಮ, ತಿಳೀಲಿಲ್ಲೇನು ನಿನಗ? ಅವ ಹೇಳಿದ್ದು ನುಕ್ಸಾನಿನ ಮಾತು" ಎಂದ ಮರಿಲಿಂಗಪ್ಪ.

"ತಿಳದದ್ರಿ ಭಾವಾರ." ಸೆರಗು ತಲೆಯ ಮೇಲೆಯೇ ಇತ್ತು. "ಆ ಮಾತಿಗೇ ತಗೊಳ್ಳಾಕತ್ತೇನ್ರಿ."

ಅಂಬ್ರಪ್ಪ ಜೇಬಿನ ಪೆನ್ನು ತೆಗೆದು ಹೆಂಡತಿಯ ಕಡೆ ಚಾಚಿದ. ಅವನು ಅಣ್ಣನಿಗೆ ಎದುರಾಡಿದ್ದು ಅಷ್ಟೇ. ಮರಿಲಿಂಗಪ್ಪ ಹೊಸ ಗಾಡಿ ಹತ್ತದೆ ಬಸ್ಸಿನಲ್ಲಿ ಊರಿಗೆ ಮರಳಿದ.

ಓಣಿಯಲ್ಲಿ ಮಾತಾಯಿತು. ಭಾವನೇ ಮೇಸ್ತ್ರಿ ಇರುವಾಗ ಕಾಗದಕ್ಕೆ ರೊಕ್ಕ ಸುರಿದಳಂತೆ, ಸೊಕ್ಕು ಬಂದಿದೆ ಎಂದರು. ದಾನೇಶ್ವರಿ ಭೀಮಾ ನದಿಯ ಸೇತುವೆ ದಾಟಿ ದಿನವೂ ಯಾದಗಿರಿಗೆ ಹೋದಳು, ಸುರಪುರದಲ್ಲೂ ಗಿರಾಕಿ ಹಿಡಿದಳು. ಬಿಟ್ಟು ಹೋದ ಖಾನಾವಳಿಯವರು ತಾವೇ ಫೋನ್ ಮಾಡಿದರು.

ಮೂರು ವರ್ಷಕ್ಕೆ ಕಂಪನಿಯ ವಾರಂಟಿ ಮುಗಿಯಿತು. ಆ ತಿಂಗಳೇ ಗೇರ್ ಹಾಕುವಾಗ ಕಿರ್ ಎನ್ನುವ ಸದ್ದು ಶುರುವಾಯಿತು. ಸುದ್ದಿ ತಿಳಿದ ಮರಿಲಿಂಗಪ್ಪ ಒಂದು ಮುಂಜಾನೆ ನಟ್ಟು ಬಿಚ್ಚುವ ಪಾನಾಗಳ ಚೀಲ ಹಿಡಿದು ಅಂಗಳಕ್ಕೆ ಬಂದು ನಿಂತ. ದಾನೇಶ್ವರಿ ಬುಟ್ಟಿ ಏರಿಸುತ್ತಿದ್ದಳು.

"ತಾ ಕೀಲಿ, ಬಿಚ್ಚಿ ನೋಡ್ತೀನಿ."

"ಬಿಚ್ಚಾಕ ಬರಂಗಿಲ್ರಿ. ವಾರಂಟಿ ಹೋಗ್ತದ."

"ಯಾರಿಗೆ ಗೊತ್ತಾಗ್ತದ?"

"ನನಗ ಗೊತ್ತಾಗ್ತದಲ್ರಿ."

ಮರಿಲಿಂಗಪ್ಪ ಚೀಲ ಕೆಳಗಿಟ್ಟ. "ಎಷ್ಟು ದಿನ ಆ ಕಾಗದದ ಹಿಂದ ನಿಂದ್ರತೀ?"

"ಎರಡು ವರ್ಷ ಕಾಗದಾನ ಬ್ಯಾಡ ಅಂತದ್ರಿ ಭಾವಾರ. ಅದು ಮುಗಿದ ಮ್ಯಾಲ ನಾನ ಅಂತೀನಿ." ಬುಟ್ಟಿಯ ಮೇಲೆ ಬಟ್ಟೆ ಹೊದಿಸಿದಳು. "ಕೂಡ್ರಿ, ಚಾ ಕುಡದು ಹೋಗ್ರಿ."

ಅವನು ಕೂಡಲಿಲ್ಲ. ಅವಳೂ ಕಾಯಲಿಲ್ಲ.

ಖಾನಾವಳಿಗೆ ರೊಟ್ಟಿ ಇಳಿಸಿ ವರ್ಕ್‌ಶಾಪಿಗೆ ಹೋದಳು. ಕ್ಲಚ್ ಪ್ಲೇಟ್ ಸವೆದಿತ್ತು. ಸವೆಯುವ ಭಾಗಕ್ಕೆ ಈ ವಾರಂಟಿ ಅನ್ವಯಿಸುವುದಿಲ್ಲ ಎಂದರು. ದಾನೇಶ್ವರಿ ದುಡ್ಡು ಕೊಟ್ಟಳು, ರಸೀದಿ ಇಸಿದುಕೊಂಡಳು, ಮಧ್ಯಾಹ್ನಕ್ಕೆ ಊರು ಸೇರಿದಳು.

ಅಂಬ್ರಪ್ಪ ರಸೀದಿ ನೋಡಿ ಕೆನ್ನೆ ಕೆರೆದುಕೊಂಡ. "ಹಂಗಾದ್ರ ಆ ವಾರಂಟಿಲಿಂದ ಏನು ಬಂತು?"

"ಗೂಟದ ಕಡೆ ನೋಡ್ರಿ" ಎಂದಳು.

ಗೂಟ ಬರಿದಾಗಿತ್ತು. ಕೀಲಿ ಅವಳ ಸೊಂಟದಲ್ಲಿತ್ತು.