ಎಡಚಕ್ರದ ಕಂಟ್ರೋಲರ್

2011ರಲ್ಲಿ ನಾನು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಲಗೇಜ್ ಬೆಲ್ಟ್‌ಗಳ ವಿದ್ಯುತ್ ನಿರ್ವಹಣೆಯ ಎಂಜಿನಿಯರ್ ಆಗಿದ್ದೆ. ಬೆಲ್ಟ್‌ನ ಫ್ರೇಮ್ ಮುರಿದರೆ ಬೆಸೆಯಲು ಬರುತ್ತಿದ್ದವನು ಮುನಿರಾಜು. ದೇವನಹಳ್ಳಿ ತಾಲ್ಲೂಕಿನದೇ ಆದ ಚನ್ನರಾಯಪಟ್ಟಣದ ರಸ್ತೆಯಲ್ಲಿ ಅವನದೊಂದು ವೆಲ್ಡಿಂಗ್ ಶೆಡ್ ಇತ್ತು. ಪಕ್ಕದಲ್ಲೇ ಮನೆ, ಮನೆಯಲ್ಲಿ ಅವನು ಮತ್ತು ಅವನನ್ನು ಸಾಕಿದ ಅಕ್ಕ ಗೌರಮ್ಮ.

ಅಕ್ಕಪಕ್ಕ ಎರಡೇ ಚಕ್ರ, ನಡುವೆ ನಿಲ್ಲಲು ಹಲಗೆ, ಹಿಡಿಯಲು ಹ್ಯಾಂಡಲ್. ಅಂಥ ವಾಹನವನ್ನು ಅವನು ಟಿವಿಯಲ್ಲಿ ನೋಡಿದ್ದ. "ನಾವೂ ಒಂದು ಮಾಡ್ಬಿಡಾಣ ಗುರು" ಎಂದು ಗಂಟುಬಿದ್ದ. ಸವಾರ ಮುಂದಕ್ಕೆ ಬಾಗಿದರೆ ಸೆನ್ಸರ್ ಅದನ್ನು ಅಳೆಯುತ್ತದೆ. ಮೋಟಾರ್‌ಗಳು ಚಕ್ರವನ್ನು ಮುಂದಕ್ಕೆ ಓಡಿಸಿ ಅವನ ಭಾರದ ಕೆಳಗೆ ತಂದು ನಿಲ್ಲಿಸುತ್ತವೆ. ಹಿಂದಕ್ಕೆ ಬಾಗಿದರೆ ಹಿಂದಕ್ಕೆ. ಇಲ್ಲಿ ಮೋಟಾರ್ ಬರೀ ಓಡಿಸುವುದಿಲ್ಲ, ಮನುಷ್ಯನನ್ನು ನಿಲ್ಲಿಸಿಯೂ ಇಡುತ್ತದೆ.

ಮೊದಲು ಸ್ಕೂಟರ್ ಮೋಟಾರ್ ನೋಡಿದೆವು. ಬಲವಿತ್ತು, ಆದರೆ ಅದರ ಕಂಟ್ರೋಲರ್‌ಗೆ ಹಿಂದಕ್ಕೆ ತಿರುಗಿಸಲು ಬರುತ್ತಿರಲಿಲ್ಲ. ಚಕ್ರದೊಳಗೇ ಕೂರುವ ಹಬ್ ಮೋಟಾರ್ ನಿಧಾನದಲ್ಲಿ ಜರ್ಕ್ ಹೊಡೆಯುತ್ತಿತ್ತು. ಕೊನೆಗೆ ವೀಲ್‌ಚೇರ್‌ನ ಎರಡು ಗೇರ್ ಮೋಟಾರ್‌ಗಳನ್ನು ಆರಿಸಿದೆವು: 24 ವೋಲ್ಟ್, 250 ವ್ಯಾಟ್. ನಿಂತಲ್ಲಿಂದಲೇ ಭಾರ ಎಳೆಯುವ ಶಕ್ತಿ ಅವಕ್ಕಿತ್ತು.

ಜಗಳವಾದದ್ದು ಕಂಟ್ರೋಲರ್ ವಿಷಯಕ್ಕೆ. ಬ್ಯಾಟರಿಯ ಕರೆಂಟನ್ನು ಅಳೆದು ಮೋಟಾರ್‌ಗೆ ಕೊಡುವ ಪೆಟ್ಟಿಗೆ ಅದು. ಎರಡು ಮೋಟಾರ್‌ಗೂ ಸೇರಿ ಒಂದೇ ಇರಲಿ, ಹೊರೆ ಹೆಚ್ಚಾದರೆ ಎರಡಕ್ಕೂ ಒಟ್ಟಿಗೆ ಕರೆಂಟ್ ಇಳಿಸುವಂಥದ್ದು ಬೇಕು ಎಂದೆ. ಅದನ್ನು ತರಿಸಲು ಕಾಯಬೇಕಿತ್ತು. ಆಯುಧಪೂಜೆ ಹತ್ತಿರ ಬಂದಿತ್ತು. ಮುನಿರಾಜು ಪೇಟೆಗೆ ಹೋಗಿ, 30 ಆಂಪಿಯರ್ ದಾಟಿದರೆ ತಾನಾಗಿ ಆಫ್ ಆಗುವ ಎರಡು ಬೇರೆಬೇರೆ ಕಂಟ್ರೋಲರ್ ತಂದ.

"ದಿನಾ ತಲೆ ಮೇಲೆ ಹಾರೋದು ನೋಡಲ್ವಾ ನೀನು? ವಿಮಾನಕ್ಕೆ ಎರಡು ಇಂಜಿನ್. ಒಂದು ಕೈಕೊಟ್ರೆ ಇನ್ನೊಂದ್ರಲ್ಲಿ ಇಳಿಸ್ತಾರೆ ಕಣೋ."

"ಇದು ನೆಲದ ಮೇಲಿರೋದು ಮಾರಾಯ" ಎಂದೆ. ಅವನು ಆಗಲೇ ಸ್ಕ್ರೂ ಬಿಗಿಯುತ್ತಿದ್ದ.

ಅಂಗಳದಲ್ಲಿ ವಾಹನ ಸೊಗಸಾಗಿಯೇ ಓಡಿತು. ಆಯುಧಪೂಜೆಯ ಬೆಳಿಗ್ಗೆ ಗೌರಮ್ಮ ಅದಕ್ಕೆ ಕುಂಕುಮವಿಟ್ಟು, ಹ್ಯಾಂಡಲ್‌ಗೆ ದಪ್ಪನೆಯ ಚೆಂಡುಹೂವಿನ ಹಾರ ಸುತ್ತಿದರು. ಆಮೇಲೆ ಒಂದೊಂದು ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು. ಎಡಗಡೆಯದು ದೊಡ್ಡ ಕಾಯಿ, ಕಲ್ಲಿನಂತಿತ್ತು.

"ಇದೇನಕ್ಕಾ, ಚಕ್ಕೋತನೇ ಇಟ್ಬಿಡು, ಹೆಂಗೂ ದೇವನಹಳ್ಳಿಯೋರು" ಎಂದು ಮುನಿರಾಜು ನಕ್ಕ.

"ಬಾಯ್ಮುಚ್ಕೊಂಡು ಹತ್ತಲಾ. ದೃಷ್ಟಿ ಆಗ್ತದೆ" ಎಂದು ಅವರು ಆರತಿ ತಟ್ಟೆ ಹಿಡಿದು ಮುಂದೆಯೇ ಕುಕ್ಕರಗಾಲಲ್ಲಿ ಕೂತರು.

ಅವನು ಹಲಗೆ ಹತ್ತಿ ಮುಂದಕ್ಕೆ ಬಾಗಿದ. ಬಲಗಡೆಯ ಹಣ್ಣು ಪಚಕ್ಕೆಂದಿತು. ಎಡಗಡೆಯದು ಜಗ್ಗಲಿಲ್ಲ. ತಿರುಗಲಾರದೆ ನಿಂತ ಮೋಟಾರ್ ಓಡುವ ಮೋಟಾರ್‌ಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಹಣ್ಣು ಹಿಂಡಲೆಂದು ಅವನು ಇನ್ನಷ್ಟು ಬಾಗಿದ. ಎಡಗಡೆಯ ಕಂಟ್ರೋಲರ್ ಆಫ್ ಆಯಿತು.

ಬಲಚಕ್ರ ಒಂದೇ ಉಳಿಯಿತು. ವಾಹನ ಎಡಕ್ಕೆ ತಿರುಚಿಕೊಂಡು ಗೌರಮ್ಮನ ಮೇಲೆ ನುಗ್ಗಿತು. ಆರತಿ ತಟ್ಟೆ ಹಾರಿತು. "ಬಿಟ್ಬಿಡೋ, ಕೈ ಬಿಡೋ!" ಎಂದು ಕಿರುಚಿದೆ. ಅವನು ಬಿಡಲಿಲ್ಲ. ಬಿಟ್ಟಿದ್ದರೆ ಆ ಕಬ್ಬಿಣ ಅಕ್ಕನ ಎದೆಗೆ ಹೊಡೆಯುತ್ತಿತ್ತು. ಇಡೀ ಮೈಯನ್ನು ಹಿಂದಕ್ಕೆ ಎಸೆದ. ಬಲಚಕ್ರ ಗಕ್ಕನೆ ಉಲ್ಟಾ ತಿರುಗಿ, ಅವನನ್ನು ಹಿಂದಕ್ಕೆ ಬೀಸಿ, ಬೇಲಿಯ ಕಲ್ಲು ಚಪ್ಪಡಿಗೆ ಅಪ್ಪಳಿಸಿತು. ಎಡಗಾಲು ಹಲಗೆಗೂ ಚಪ್ಪಡಿಗೂ ನಡುವೆ ಸಿಕ್ಕಿತು. ಮೂಳೆ ಮುರಿದ ಶಬ್ದ ನನಗೆ ಕೇಳಿಸಿತು.

ಅಲ್ಲಿಗೂ ನಿಲ್ಲಲಿಲ್ಲ. ಪೂರ್ತಿ ಉರುಳಿದ್ದರೆ ಸೆನ್ಸರ್ ಎಲ್ಲವನ್ನೂ ಆಫ್ ಮಾಡುತ್ತಿತ್ತು. ವಾಹನ ಕಲ್ಲಿಗೆ ಒರಗಿ ಅರ್ಧಕ್ಕೆ ನಿಂತಿತ್ತು; ಸೆನ್ಸರ್ ಪಾಲಿಗೆ ಸವಾರ ಇನ್ನೂ ಹಿಂದಕ್ಕೆ ಬಾಗಿಯೇ ಇದ್ದ. ಹಾಗಾಗಿ ಬಲಚಕ್ರ ಮಣ್ಣು ಕೆರೆಯುತ್ತ, ಆ ಕಾಲನ್ನು ಕಲ್ಲಿಗೆ ಒತ್ತುತ್ತಲೇ ಇತ್ತು. ಅವನು ಕೂಗುತ್ತಿರಲಿಲ್ಲ, ಬಾಯಿ ಮಾತ್ರ ತೆರೆದಿತ್ತು. ಹ್ಯಾಂಡಲ್ ಮೇಲೆ ನಾವು ಕೂರಿಸಿದ್ದ ತುರ್ತು ಸ್ವಿಚ್‌ಗೆ ಕೈ ಹಾಕಿದೆ. ಹೂವು. ಎಲ್ಲಿ ಮುಟ್ಟಿದರೂ ಹೂವು. ಹಾರದ ದಾರ ಹರಿಯಲಿಲ್ಲ. ಕುಂಕುಮ, ರಕ್ತ ಎರಡೂ ಅಂಟಿದ ಬೆರಳುಗಳಿಂದ ಹೂಗಳನ್ನು ಹಿಂಡಿಹಿಂಡಿ ಕಿತ್ತಾಗ ಕೆಂಪು ಗುಂಡಿ ಸಿಕ್ಕಿತು.

ಆಟೋದಲ್ಲಿ ಅವನ ತಲೆ ಅಕ್ಕನ ಮಡಿಲಲ್ಲಿತ್ತು. "ಅಕ್ಕಾ, ನಿಂಗೇನಾಗಿಲ್ಲ ತಾನೇ?" ಎಂದು ಮತ್ತೆಮತ್ತೆ ಕೇಳಿದ. ಗೌರಮ್ಮ ಸೆರಗಿನಿಂದ ಅವನ ಮುಖ ಒರೆಸುತ್ತಲೇ ಇದ್ದರು. ಕಾಲು ಉಳಿಯಿತು, ರಾಡ್ ಹಾಕಿದರು. ಈಗಲೂ ಕುಂಟುತ್ತಾನೆ.

ಆಮೇಲೊಂದು ದಿನ ಎಡಗಡೆಯ ಕಂಟ್ರೋಲರನ್ನು ಬಿಚ್ಚಿ ಟೇಬಲ್ ಮೇಲಿಟ್ಟು ಬ್ಯಾಟರಿ ಕೊಟ್ಟೆ. ಹಸಿರು ದೀಪ ತಟ್ಟನೆ ಹತ್ತಿತು. ಅದಕ್ಕೆ ಏನೂ ಆಗಿರಲಿಲ್ಲ. ತನ್ನನ್ನು ತಾನು ಕಾಪಾಡಿಕೊಳ್ಳಲು ಮಾಡಿದ ಯಂತ್ರ ಅದು, ಕಾಪಾಡಿಕೊಂಡಿತ್ತು.

ಆಮೇಲಿನ ಸರ್ವಿಸ್‌ನಲ್ಲಿ, ತಾನಾಗಿ ಆಫ್ ಆಗುವ ಯಾವ ಉಪಕರಣಕ್ಕೆ ಸಹಿ ಹಾಕುವಾಗಲೂ ಕೇಳಿದ್ದೇನೆ: ಇದು ಆಫ್ ಆದರೆ ಉಳಿಯುವುದು ಯಂತ್ರವೋ, ಮನುಷ್ಯನೋ? ಕೆಲಸ ನನಗೆ ಕಲಿಸಿದ್ದು ಇಷ್ಟೇ. ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಟ್ಟದ್ದು ಕಂಡರೆ ಇವತ್ತಿಗೂ ಅಲ್ಲೇ ನಿಂತುಬಿಡುತ್ತೇನೆ. ಯಾರ ಮನೆಯದಾದರೂ ಸರಿ, ಮುಂದೆ ಕೂತವರನ್ನು ಕೈ ಹಿಡಿದು ಎಬ್ಬಿಸುತ್ತೇನೆ.